ಪದ ಪರಿಚಯ: ‘ವಿಕೇಂದ್ರೀಕೃತ’

ಮೊನ್ನೆ ಮಣಿಪಾಲದಲ್ಲಿ ಒಂದು ಸ್ಟಾರ್ಟಪ್ ಕಾರ್ಯಕ್ರಮ ಇತ್ತು. ವೇದಿಕೆ ಮೇಲಿದ್ದವರು ತಮ್ಮ ಹೊಸ ಆ್ಯಪ್ ತೋರಿಸಿ, ‘ಇದು ಪೂರ್ತಿ ವಿಕೇಂದ್ರೀಕೃತ. ಸರ್ವರ್ ಮುಂಬೈಯಲ್ಲೂ ಉಂಟು, ಹೈದರಾಬಾದಿನಲ್ಲೂ ಉಂಟು’ ಎಂದರು. ಚಪ್ಪಾಳೆಯೂ ಬಿತ್ತು. ಅದೇ ವಾರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಬ್ಬರು, ಟ್ವಿಟರ್‌ನಂಥದ್ದೇ ಆಗಿದ್ದ ಕೂ ಆ್ಯಪನ್ನು ನೆನೆದು, ‘ಕೂ ಮುಚ್ಚದೆ ಇದ್ದಿದ್ದರೆ ನಮ್ಮದೇ ಒಂದು ವಿಕೇಂದ್ರೀಕೃತ ಜಾಲ ಇರ್ತಿತ್ತು’ ಎಂದು ಮರುಗಿದರು. ಇನ್ನೊಬ್ಬರು ಟ್ವಿಟರ್‌ನಂಥದ್ದೇ ಇನ್ನೊಂದು ಜಾಲವಾದ ಮಾಸ್ಟಡಾನ್‌ಗೆ ಹೋಗಿ, ಹೋದಷ್ಟೇ ಬೇಗ ವಾಪಸ್ ಬಂದು, ‘ವಿಕೇಂದ್ರೀಕೃತ ಅಂದ್ರಲ್ಲ ಮಾರಾಯ್ರೆ, ಅಲ್ಲೂ ಅಡ್ಮಿನ್ ಉಂಟು, ರೂಲ್ಸ್ ಉಂಟು’ ಎಂದು ದೂರಿದರು. ಮೊದಲಿನವರಿಗೆ ಈ ಪದವೆಂದರೆ ಜಾಸ್ತಿ ಸರ್ವರ್. ಎರಡನೆಯವರಿಗೆ ಸ್ವದೇಶಿ. ಮೂರನೆಯವರಿಗೆ ಹೇಳುವವರು ಕೇಳುವವರು ಇಲ್ಲದ ಜಾಗ. ಇನ್ನು ಸುಮ್ಮನಿರಲು ಆಗುವುದಿಲ್ಲ.

‘ಕೇಂದ್ರ’ ಸಂಸ್ಕೃತದಿಂದ ಬಂದದ್ದು ಎಂದು ಎಲ್ಲರಿಗೂ ಗೊತ್ತು. ಸಂಸ್ಕೃತಕ್ಕೆ ಅದು ಗ್ರೀಕ್‌ನಿಂದ ಬಂತು ಎನ್ನುವುದು ಅಷ್ಟಾಗಿ ಗೊತ್ತಿಲ್ಲ. ಗ್ರೀಕ್‌ನ ‘ಕೆಂಟ್ರೋನ್’ ಎಂದರೆ ಚುಚ್ಚುವ ಮೊನೆ, ಎತ್ತನ್ನು ತಿವಿಯುವ ಕೋಲಿನ ಮೊನೆ. ಕೈವಾರದ ಒಂದು ಕಾಲನ್ನು ಕಾಗದಕ್ಕೆ ಚುಚ್ಚಿ ಇನ್ನೊಂದನ್ನು ತಿರುಗಿಸುತ್ತೇವಲ್ಲ, ಆ ಚುಚ್ಚಿದ ಜಾಗಕ್ಕೂ ಅದೇ ಹೆಸರಾಯಿತು. ಜ್ಯೋತಿಷ, ಖಗೋಳದ ಲೆಕ್ಕಾಚಾರದ ಜೊತೆ ಪದ ಭಾರತಕ್ಕೆ ಬಂತು. ಇಂಗ್ಲಿಷಿನ ಸೆಂಟರ್ ಕೂಡ ಅದೇ ಬೇರಿನದು. ಹಾಗಾಗಿ ಡಿಸೆಂಟ್ರಲೈಸ್ಡ್ ಮತ್ತು ವಿಕೇಂದ್ರೀಕೃತ ಎರಡೂ ದಾಯಾದಿಗಳು.

ಈಗ ಜಾತಕ ನೋಡುವವರನ್ನು ಕೇಳಿ, ಕೇಂದ್ರ ಎಷ್ಟು ಎಂದು. ಒಂದು, ನಾಲ್ಕು, ಏಳು, ಹತ್ತನೇ ಮನೆಗಳು ಎನ್ನುತ್ತಾರೆ. ಒಟ್ಟು ನಾಲ್ಕು. ‘ಗುರು ಕೇಂದ್ರದಲ್ಲಿದ್ದಾನೆ’ ಎಂದರೆ ಯಾವ ಕೇಂದ್ರ ಎಂದು ಮತ್ತೆ ಕೇಳಬೇಕಾಗುತ್ತದೆ. ಕೇಂದ್ರ ಎಂದರೆ ಒಂದೇ ಇರಬೇಕು ಎಂಬ ಅಭ್ಯಾಸ ಜ್ಯೋತಿಷಕ್ಕೆ ಇಲ್ಲ. ನಮಗೆ ಅದು ‘ಕೇಂದ್ರ ಸರ್ಕಾರ’ ಎಂದು ಹೇಳಿ ಹೇಳಿ ಅಂಟಿತು ಎಂದು ನನ್ನ ಅನುಮಾನ.

ಇನ್ನು ‘ವಿ’. ಇದು ಸ್ವಲ್ಪ ತರಲೆ ಉಪಸರ್ಗ. ‘ವಿಫಲ’ದಲ್ಲಿ ಇಲ್ಲ ಎನ್ನುತ್ತದೆ, ‘ವಿಶುದ್ಧ’ದಲ್ಲಿ ಜಾಸ್ತಿ ಎನ್ನುತ್ತದೆ, ‘ವಿಭಾಗ’ದಲ್ಲಿ ಬೇರೆ ಬೇರೆ ಎನ್ನುತ್ತದೆ. ಹೆಚ್ಚಿನವರು ವಿಕೇಂದ್ರೀಕೃತವನ್ನು ವಿಫಲದ ಸಾಲಿಗೆ ಸೇರಿಸಿ ‘ಕೇಂದ್ರವೇ ಇಲ್ಲದ್ದು’ ಎಂದು ಓದುತ್ತಾರೆ. ಓದಬೇಕಾದ್ದು ವಿಭಾಗದ ಹಾಗೆ: ಕೇಂದ್ರ ಹಂಚಿಹೋದದ್ದು. ಸುಮ್ನೆ ವ್ಯಾಕರಣದ ಕಸರತ್ತು ಮಾಡುತ್ತಿಲ್ಲ. 1964ರಲ್ಲಿ ಅಮೆರಿಕದ ಪಾಲ್ ಬ್ಯಾರನ್ ಸಂಪರ್ಕ ಜಾಲಗಳ ಬಗ್ಗೆ ಬರೆಯುವಾಗ ಮೂರು ಚಿತ್ರ ಬಿಡಿಸಿದ್ದರು. ಮೊದಲನೆಯದರಲ್ಲಿ ಎಲ್ಲ ಗೆರೆಗಳೂ ಒಂದೇ ಚುಕ್ಕಿಗೆ ಬರುತ್ತವೆ. ಎರಡನೆಯದರಲ್ಲಿ ಅಂಥ ಚುಕ್ಕಿಗಳು ಹಲವು, ಪ್ರತಿಯೊಂದರ ಸುತ್ತ ಒಂದು ಗುಂಪು. ಮೂರನೆಯದು ನಡುವೇ ಇಲ್ಲದ ಬಲೆ. ಡಿಸೆಂಟ್ರಲೈಸ್ಡ್ ಎಂದು ಅವರು ಕರೆದದ್ದು ಎರಡನೆಯದನ್ನು. ಬಲೆಗೆ ಕೊಟ್ಟ ಹೆಸರು ಡಿಸ್ಟ್ರಿಬ್ಯೂಟೆಡ್.

ಕನ್ನಡದಲ್ಲಂತೂ ನಾವು ಈ ಪದ ಕಲಿತದ್ದು ಕಂಪ್ಯೂಟರ್‌ನಿಂದ ಅಲ್ಲವೇ ಅಲ್ಲ, ಪಂಚಾಯತ್‌ನಿಂದ. ಕರ್ನಾಟಕದ 1983ರ ಪಂಚಾಯತ್ ಕಾಯ್ದೆ, ಅದರ ಹಿಂದಿದ್ದ ಸಚಿವ ಅಬ್ದುಲ್ ನಜೀರ್ ಸಾಬ್, 1987ರ ಪಂಚಾಯತ್ ಚುನಾವಣೆ. ಆಗ ಎಲ್ಲರ ಬಾಯಲ್ಲೂ ‘ಅಧಿಕಾರ ವಿಕೇಂದ್ರೀಕರಣ’. ಇನ್ನು ಮೇಲೆ ಅಧಿಕಾರವೇ ಇರುವುದಿಲ್ಲ ಎಂದು ಆಗ ಯಾರಾದರೂ ತಿಳಿದರೇ? ಕೆಲವು ಹಳ್ಳಿ ಸೇರಿದ ಮಂಡಲಕ್ಕೊಬ್ಬ ಪ್ರಧಾನ ಬಂದ. ಬೈಯಲು ಬೆಂಗಳೂರಿಗೆ ಹೋಗುವ ಬದಲು ಪಕ್ಕದ ಊರಿಗೆ ಹೋದರೆ ಸಾಕಾಯಿತು. ಆ ಹಳೆಯ ಅರ್ಥವೇ ಇಲ್ಲಿಗೂ ಸರಿ ಹೊಂದುತ್ತದೆ. ಹೊಸದು ಹುಡುಕಬೇಕಾಗಿಲ್ಲ.

ಮಣಿಪಾಲದ ಆ್ಯಪ್‌ನವರ ವಿಷಯಕ್ಕೆ ಬರುತ್ತೇನೆ. ಕರಾವಳಿಯವರು ಇದರಲ್ಲಿ ಎಡವಲೇಬಾರದು, ಯಾಕೆಂದರೆ ನಮ್ಮದು ಬ್ಯಾಂಕುಗಳ ಊರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ. ನಾಲ್ಕಕ್ಕೂ ದೇಶವಿಡೀ ಶಾಖೆಗಳಿದ್ದವು. 2019ರ ಏಪ್ರಿಲ್ 1ಕ್ಕೆ ವಿಜಯಾ, ಬ್ಯಾಂಕ್ ಆಫ್ ಬರೋಡಾದ ಜೊತೆ ವಿಲೀನವಾಯಿತು. ಮರುವರ್ಷ ಅದೇ ದಿನ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಕ್ಕೆ ಸೇರಿದವು. ಊರಿನವರು ಎಷ್ಟು ಹೊಟ್ಟೆ ಉರಿಸಿಕೊಂಡರೂ ಯಾವ ಶಾಖೆಯನ್ನೂ ಯಾರೂ ಕೇಳಲಿಲ್ಲ. ಮೇಲಿನಿಂದ ಆದೇಶ ಬಂತು, ಬೋರ್ಡ್ ಬದಲಾಯಿತು. ಸಾವಿರ ಕಡೆ ಇರುವುದು ಬೇರೆ, ಸಾವಿರ ಕಡೆ ತೀರ್ಮಾನ ಆಗುವುದು ಬೇರೆ. ಮುಂಬೈ, ಹೈದರಾಬಾದ್ ಸರ್ವರ್‌ಗಳು ಶಾಖೆಗಳು. ಎರಡಕ್ಕೂ ಪಾಸ್‌ವರ್ಡ್ ಒಬ್ಬರದೇ, ಅಲ್ವಾ?

ಕೂ ಕತೆಯೂ ಇದೇ. ಬೆಂಗಳೂರಿನದು, 2020ರಲ್ಲಿ ಶುರುವಾಯಿತು, ಕನ್ನಡಕ್ಕೆ ಚೆನ್ನಾಗಿ ಜಾಗ ಕೊಟ್ಟಿತು. ಅದೆಲ್ಲ ನಿಜ. 2024ರ ಜುಲೈನಲ್ಲಿ ಕಂಪೆನಿ ಬಾಗಿಲು ಹಾಕಿದಾಗ ಜಾಲವೂ ಅದರ ಜೊತೆಗೇ ಹೋಯಿತು. ಮಾಲೀಕರು ನಮ್ಮವರೋ ಹೊರಗಿನವರೋ ಎನ್ನುವುದಕ್ಕೂ ಈ ಪದಕ್ಕೂ ಸಂಬಂಧವಿಲ್ಲ.

ಸಂಬಂಧ ಇರುವುದು ಇಂಥದ್ದಕ್ಕೆ. ಮಾಸ್ಟಡಾನ್ ಎಂಬ ತಂತ್ರಾಂಶವನ್ನು ಜರ್ಮನಿಯ ಯೂಜೆನ್ ರೊಚ್ಕೊ 2016ರಲ್ಲಿ ಹೊರತಂದರು. ಯಾರು ಬೇಕಾದರೂ ಅದನ್ನು ತಮ್ಮ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು, ತಮ್ಮ ನಿಯಮ ಬರೆಯಬಹುದು. ಸರ್ವರ್‌ಗಳು ಒಂದರ ಜೊತೆ ಒಂದು ಮಾತಾಡುವುದು ಆ್ಯಕ್ಟಿವಿಟಿಪಬ್ ಎಂಬ ನಿಯಮಾವಳಿಯ ಮೂಲಕ. ವೆಬ್‌ನ ಮಾನದಂಡ ನೋಡಿಕೊಳ್ಳುವ ಡಬ್ಲ್ಯು3ಸಿ 2018ರ ಜನವರಿಯಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಫೋಟೋದ ಪಿಕ್ಸೆಲ್‌ಫೆಡ್, ವಿಡಿಯೊದ ಪೀರ್‌ಟ್ಯೂಬ್, ಚರ್ಚೆಯ ಲೆಮ್ಮಿ ಎಲ್ಲವೂ ಅದೇ ಭಾಷೆ ಆಡುತ್ತವೆ. ಎಲ್ಲ ಸೇರಿ ಫೆಡಿವರ್ಸ್. ನಮ್ಮವರು ದೊಡ್ಡ ಸಂಖ್ಯೆಯಲ್ಲಿ ಮೊದಲು ಅಲ್ಲಿಗೆ ಹೋದದ್ದು 2019ರ ನವೆಂಬರ್‌ನಲ್ಲಿ, ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿದ ಮೇಲೆ. 2022ರ ಅಕ್ಟೋಬರ್‌ನಲ್ಲಿ ಟ್ವಿಟರ್ ಮಸ್ಕ್ ಕೈಗೆ ಹೋದಾಗ ಇನ್ನೊಂದು ಅಲೆ. ಎರಡು ಸಲವೂ ಹೋದವರಲ್ಲಿ ಬಹಳ ಮಂದಿ ವಾಪಸ್ ಬಂದರು.

ಯಾಕೆ ಎಂದು ಕೇಳಿದರೆ ಉತ್ತರ ಒಂದೇ: ‘ಅಲ್ಲಿ ಯಾರೂ ಇಲ್ಲ ಮಾರಾಯ.’ ಇದಕ್ಕೆ ಕಾರಣ ಉಂಟು, ಆದರೆ ಹೊಸಬರಿಗೆ ಯಾರೂ ಹೇಳುವುದಿಲ್ಲ. ನಿಮ್ಮ ಸರ್ವರ್‌ಗೆ ಬೇರೆ ಸರ್ವರ್‌ನ ಪೋಸ್ಟ್ ತಾನಾಗಿ ಬರುವುದಿಲ್ಲ. ಸಾಮಾನ್ಯವಾಗಿ, ನಿಮ್ಮ ಸರ್ವರ್‌ನ ಒಬ್ಬರಾದರೂ ಆ ಖಾತೆಯನ್ನು ಫಾಲೋ ಮಾಡುತ್ತಿರಬೇಕು. ನೀವು ಹತ್ತು ಜನರ ಪುಟ್ಟ ಸರ್ವರ್ ಸೇರಿ ‘ಯಕ್ಷಗಾನ’ ಹ್ಯಾಷ್‌ಟ್ಯಾಗ್ ಹುಡುಕಿದರೆ ಖಾಲಿ ಕಾಣಬಹುದು. ದೊಡ್ಡ ಸರ್ವರ್‌ನಲ್ಲಿ ಅದೇ ಹುಡುಕಾಟಕ್ಕೆ ಪೋಸ್ಟ್‌ಗಳು ಸಿಗಬಹುದು. ಲೈಕ್, ಉತ್ತರಗಳ ಲೆಕ್ಕವೂ ಸರ್ವರ್‌ನಿಂದ ಸರ್ವರ್‌ಗೆ ಬೇರೆಯಾಗಬಹುದು. ಎಲ್ಲರಿಗೂ ಒಂದೇ ಪುಟ ತೋರಿಸುವ ಕೇಂದ್ರ ಇಲ್ಲವಾದ್ದರಿಂದ ಹೀಗೆ. ಜೊತೆಗೆ, ನಿಮಗೆ ಹಿಡಿಸೀತು ಎಂದು ಊಹಿಸಿ ತಂದುಕೊಡುವ ಆಲ್ಗಾರಿದಂ ಕೂಡ ಇಲ್ಲ. ಫಾಲೋ ಮಾಡಿದವರ ಪೋಸ್ಟ್, ಬಂದ ಹೊತ್ತಿನ ಸಾಲಿನಲ್ಲಿ, ಅಷ್ಟೇ. ಯಾರನ್ನೂ ಫಾಲೋ ಮಾಡದೆ ಖಾಲಿ ಖಾಲಿ ಎಂದರೆ ಹೇಗೆ?

ಅಡ್ಮಿನ್ ವಿಷಯ. ಉಂಟು, ಖಂಡಿತ ಉಂಟು. ಸರ್ವರ್ ಬಾಡಿಗೆ ಕಟ್ಟುವವರು ಅವರೇ, ನಿಮ್ಮನ್ನು ಹೊರಹಾಕುವ ಹಕ್ಕು ಅವರಿಗಿದೆ. ಇಡೀ ಇನ್ನೊಂದು ಸರ್ವರ್ ಜೊತೆ ಮಾತುಕತೆ ನಿಲ್ಲಿಸುವ ಹಕ್ಕೂ ಇದೆ. 2019ರಲ್ಲಿ ಗ್ಯಾಬ್ ಎಂಬ ಅಮೆರಿಕದ ತೀವ್ರ ಬಲಪಂಥೀಯರ ಜಾಲ ಮಾಸ್ಟಡಾನ್ ತಂತ್ರಾಂಶ ಹಾಕಿಕೊಂಡು ಬಂದಾಗ ಸಾಕಷ್ಟು ಸರ್ವರ್‌ಗಳು ಅದನ್ನು ಮಾಡಿದವು. ಮಾಸ್ಟಡಾನ್ ತಯಾರಿಸಿದವರಿಗೆ ಗ್ಯಾಬ್ ಅನ್ನು ಮುಚ್ಚಿಸಲು ಆಗಲಿಲ್ಲ, ಗ್ಯಾಬ್‌ಗೆ ಉಳಿದವರ ಮನೆಗೆ ನುಗ್ಗಲೂ ಆಗಲಿಲ್ಲ. ಪದದ ಅರ್ಥ ಇಷ್ಟು ಸ್ಪಷ್ಟವಾಗಿ ಕಂಡ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. ಟ್ರಂಪ್ ಅವರ ಟ್ರೂತ್ ಸೋಷಿಯಲ್ ಕೂಡ ಮಾಸ್ಟಡಾನ್ ತಂತ್ರಾಂಶದ ಮೇಲೆಯೇ ಕಟ್ಟಿದ್ದು. ಆದರೆ ಹೊರಗಿನ ಸರ್ವರ್‌ಗಳ ಜೊತೆ ಅದಕ್ಕೆ ಮಾತಿಲ್ಲ. ತಂತ್ರಾಂಶ ಒಂದೇ ಆದರೂ ಅದು ಪಕ್ಕಾ ಕೇಂದ್ರೀಕೃತ.

ಅಡ್ಮಿನ್ ಇಷ್ಟವಾಗದಿದ್ದರೆ ಬೇರೆ ಸರ್ವರ್‌ಗೆ ಹೋಗಬಹುದು, ಫಾಲೋವರ್ಸ್ ಜೊತೆಗೆ ಬರುತ್ತಾರೆ. ಹಳೆಯ ಪೋಸ್ಟ್‌ಗಳು ಬರುವುದಿಲ್ಲ. ಇದನ್ನು ಮಾಸ್ಟಡಾನ್ ಭಕ್ತರು ಮೆಲ್ಲಗೆ ಹೇಳುತ್ತಾರೆ, ಹಾಗಾಗಿ ನಾನು ಸ್ವಲ್ಪ ಜೋರಾಗಿ ಹೇಳುತ್ತಿದ್ದೇನೆ. ಖಾಸಗಿ ಸಂದೇಶವನ್ನು ಅಡ್ಮಿನ್ ಮನಸ್ಸು ಮಾಡಿದರೆ ಓದಬಹುದು, ಅದಕ್ಕೆ ವಾಟ್ಸ್ಆ್ಯಪ್‌ನಂಥ ಗೂಢಲಿಪಿ ಇಲ್ಲ. ಡಿಲೀಟ್ ಒತ್ತಿದರೆ ಉಳಿದ ಸರ್ವರ್‌ಗಳಿಗೆ ವಿನಂತಿ ಹೋಗುತ್ತದೆ, ಕೇಳುವುದು ಬಿಡುವುದು ಅವರಿಗೆ ಬಿಟ್ಟದ್ದು. ಸರ್ವರ್‌ನ ವಿಳಾಸವೇ ಕೈತಪ್ಪುವುದೂ ಉಂಟು. ‘.ಎಎಫ್’ ಎಂದು ಕೊನೆಯಾಗುವ ವಿಳಾಸಗಳು ಅಫ್ಘಾನಿಸ್ತಾನದ್ದು. ಅಂಥ ವಿಳಾಸ ಇಟ್ಟುಕೊಂಡಿದ್ದ ಒಂದು ಮಾಸ್ಟಡಾನ್ ಸರ್ವರ್‌ನ ಹೆಸರನ್ನು 2024ರಲ್ಲಿ ತಾಲಿಬಾನ್ ಆಡಳಿತ ಕಿತ್ತುಕೊಂಡಿತು.

ಟ್ವಿಟರ್‌ನಂಥದ್ದೇ ಮತ್ತೊಂದು ಜಾಲ ಬ್ಲೂಸ್ಕೈ ವಿಕೇಂದ್ರೀಕೃತವೇ? ವಿನ್ಯಾಸ ಹಾಗಿದೆ. ಅದರ ಎಟಿ ಪ್ರೋಟೊಕಾಲ್ ಎಂಬ ನಿಯಮಾವಳಿಯಲ್ಲಿ ನಿಮ್ಮ ಡೇಟಾವನ್ನು ನಿಮ್ಮದೇ ಸರ್ವರ್‌ನಲ್ಲಿ ಇಡಬಹುದು. ಬಹುಪಾಲು ಖಾತೆಗಳು ಮಾತ್ರ ಕಂಪೆನಿಯ ಸರ್ವರ್‌ಗಳಲ್ಲೇ ಇವೆ. ಹೊರಬೀಳುವ ಬಾಗಿಲು ಇದೆ, ಬಳಸಿದವರು ಕಡಿಮೆ. ಫೇಸ್‌ಬುಕ್‌ನ ಒಡೆಯ ಮೆಟಾ ಕಂಪೆನಿಯ ಥ್ರೆಡ್ಸ್ ಇನ್ನೂ ವಿಚಿತ್ರ. 2023ರ ಜುಲೈನಲ್ಲಿ ಶುರುವಾಗಿ, 2024ರಿಂದ ಇಷ್ಟಪಟ್ಟವರ ಪೋಸ್ಟ್‌ಗಳನ್ನು ಆ್ಯಕ್ಟಿವಿಟಿಪಬ್ ಮೂಲಕ ಹೊರಗೆ ಕಳಿಸುತ್ತಿದೆ. ಆ ಸ್ವಿಚ್ ಇರುವುದು ಮೆಟಾದ ಕೈಯಲ್ಲಿ. ಥ್ರೆಡ್ಸ್‌ಗೆ ಈ ಪದ ಬಳಸುವವರು ಅದರ ಮೊದಲು ‘ಸ್ವಲ್ಪ’ ಎಂದು ಸೇರಿಸಿದರೆ ನನ್ನದೇನೂ ತಕರಾರಿಲ್ಲ.