ಒಂದ್ಸಲ ಓಡಿದ ಮೈಗ್ರೇಶನ್ ಫೈಲ್‌ಗೆ ಮತ್ತೆ ಕೈ ಹಾಕ್ಬೇಡಿ

ಕೋಡ್ ಎಲ್ಲಾ ಗಿಟ್‌ನಲ್ಲಿರುತ್ತೆ, ಯಾರು ಯಾವ ಲೈನ್ ಬದಲಾಯಿಸಿದ್ರು ಅಂತ ತೆಗೆದು ನೋಡ್ಬಹುದು. ಡೇಟಾಬೇಸ್ ವಿಷಯಕ್ಕೆ ಬಂದ್ರೆ ಮಾತ್ರ ಎಷ್ಟೋ ಟೀಮ್‌ಗಳಲ್ಲಿ ಡೆವಲಪರ್ ತನ್ನ ಮಷೀನ್‌ನಲ್ಲಿ ಕಾಲಂ ಸೇರಿಸಿ ಟೆಸ್ಟ್ ಮಾಡಿರ್ತಾನೆ, ರಿಲೀಸ್ ದಿನ ಏನೇನ್ ಮಾಡಿದ್ದೆ ಅಂತ ನೆನಪು ಮಾಡ್ಕೊಂಡು ಲೈವ್‌ನಲ್ಲಿ, ಅಂದ್ರೆ ಜನ ಬಳಸೋ ಅಸಲಿ ಡೇಟಾಬೇಸ್‌ನಲ್ಲಿ, ಕೈಯಾರೆ ಆಲ್ಟರ್ ಟೇಬಲ್ (ಟೇಬಲ್ ರಚನೆ ಬದಲಿಸೋ ಕಮಾಂಡ್) ಹೊಡೀತಾನೆ. ಕಾಲಂ ಮರೆತ್ರೆ ಎರರ್ ಆದ್ರೂ ಬರುತ್ತೆ, ಹುಡುಕೋದನ್ನ ವೇಗ ಮಾಡೋ ಇಂಡೆಕ್ಸ್ ಮರೆತ್ರೆ ಅದೂ ಇಲ್ಲ, ಸುಮ್ನೆ ಎಲ್ಲಾ ಸ್ಲೋ ಆಗ್ತಾ ಹೋಗುತ್ತೆ.

ಇದಕ್ಕೇ ಮೈಗ್ರೇಶನ್ ಇರೋದು. ಪ್ರತಿ ಬದಲಾವಣೆಗೂ ನಂಬರ್ ಇರೋ ಒಂದು ಫೈಲ್, ಕೋಡ್ ಜೊತೆನೇ ಗಿಟ್‌ಗೆ ಕಮಿಟ್, ಯಾವ ಫೈಲ್ ಓಡಿದೆ ಅಂತ ಆ ಡೇಟಾಬೇಸ್ ಒಳಗೇ ಒಂದು ಟೇಬಲ್‌ನಲ್ಲಿ ಲೆಕ್ಕ. ಫ್ಲೈವೇ, ಲಿಕ್ವಿಬೇಸ್ ಅನ್ನೋ ಟೂಲ್‌ಗಳು, ಜ್ಯಾಂಗೋ ಅನ್ನೋ ವೆಬ್ ಫ್ರೇಮ್‌ವರ್ಕ್, ಎಲ್ಲವೂ ಮಾಡೋದು ಹೆಚ್ಚುಕಮ್ಮಿ ಇದನ್ನೇ. ಲೈವ್‌ನಲ್ಲಿ 11ನೇ ಫೈಲ್‌ವರೆಗೆ ಓಡಿದ್ದು ನಿಮ್ಮ ಮಷೀನ್‌ನಲ್ಲಿ 14ರವರೆಗೆ ಓಡಿದ್ರೆ 12, 13, 14 ಅದೇ ಕ್ರಮದಲ್ಲಿ ಅಲ್ಲೂ ಓಡುತ್ತೆ.

ಎಡವಟ್ಟಾಗೋದು 12ರಲ್ಲಿ ಒಂದು ತಪ್ಪು ಕಂಡಾಗ. ಅದೇ ಫೈಲ್ ತಿದ್ದಿಬಿಡೋಣ ಅನ್ಸುತ್ತೆ, ಆದ್ರೆ ಅದು ಆಗ್ಲೇ ಟೆಸ್ಟ್ ಸರ್ವರ್‌ನಲ್ಲಿ ಓಡಿದ್ರೆ ಅಲ್ಲಿ ಹಳೇ 12, ಲೈವ್‌ನಲ್ಲಿ ಹೊಸ 12, ನಂಬರ್ ಒಂದೇ, ಸ್ಕೀಮಾ (ಟೇಬಲ್‌ಗಳ ರಚನೆ) ಬೇರೆ. ಫ್ಲೈವೇ ಚೆಕ್‌ಸಮ್, ಅಂದ್ರೆ ಫೈಲ್‌ನಲ್ಲಿರೋದ್ರಿಂದ ಲೆಕ್ಕ ಹಾಕಿದ ಒಂದು ಗುರುತು ಸಂಖ್ಯೆ, ಇಟ್ಕೊಂಡಿರುತ್ತೆ, ಹೊಂದ್ತಿಲ್ಲ ಅಂತ ನಿಲ್ಲಿಸುತ್ತೆ. ಜ್ಯಾಂಗೋ ಇಟ್ಕೊಳ್ಳೋದು ಹೆಸರು ಮಾತ್ರ, ಹಾಗಾಗಿ ನೀವು ತಿದ್ದಿದ್ದು ಅದಕ್ಕೆ ಗೊತ್ತೇ ಆಗಲ್ಲ. ತಪ್ಪಿದ್ರೆ 15 ಅಂತ ಹೊಸ ಫೈಲ್ ಬರೀರಿ, ಎಷ್ಟೇ ಚಿಕ್ಕದಾಗಿರ್ಲಿ.

ಲೈವ್ ಅಂದ್ರೆ ಡೇಟಾ ಇರುತ್ತೆ, ಜನ ಬಳಸ್ತಾ ಇರ್ತಾರೆ, ಅಲ್ಲೇ ಕಷ್ಟ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಯಾವುದೋ ಉದ್ದದ ರಿಪೋರ್ಟ್ ಕ್ವೆರಿ ಓಡ್ತಿರುವಾಗ ಆಲ್ಟರ್ ಕೊಟ್ರೆ ಅದು ಲಾಕ್‌ಗೆ, ಅಂದ್ರೆ ಟೇಬಲ್ ತನ್ನೊಬ್ಬನ ಹಿಡಿತಕ್ಕೆ ಸಿಗೋದಕ್ಕೆ, ಕಾಯುತ್ತೆ, ಅದರ ಹಿಂದೆ ಆ ಟೇಬಲ್‌ಗೆ ಬರೋ, ಬರೀ ಡೇಟಾ ಓದೋ ಸಾದಾ ಸೆಲೆಕ್ಟ್‌ಗಳೂ ಸಾಲು ನಿಲ್ತವೆ, ಸೈಟ್ ನಿಂತೋಯ್ತು ಅಂತ ಫೋನ್ ಬರುತ್ತೆ. ಲಾಕ್ ಟೈಮ್‌ಔಟ್ (ಲಾಕ್‌ಗೆ ಕಾಯೋ ಮಿತಿ) ಕೆಲವೇ ಸೆಕೆಂಡ್ ಇಡಿ, ಸಿಗದಿದ್ರೆ ಫೇಲ್ ಆಗ್ಲಿ, ಆಮೇಲೆ ಮತ್ತೆ ಓಡಿಸಿ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಬೇರೆ ತಲೆನೋವು, ಪ್ರತಿ ಆಲ್ಟರ್ ತಾನಾಗೇ ಕಮಿಟ್ ಆಗುತ್ತೆ, ಅಂದ್ರೆ ಡೇಟಾಬೇಸ್‌ನಲ್ಲಿ ಆಗ್ಲೇ ಖಾಯಂ ಆಗುತ್ತೆ, ಮೂರರಲ್ಲಿ ಎರಡನೇದು ಫೇಲ್ ಆದ್ರೆ ಮೊದಲನೇದು ವಾಪಸ್ ಬರಲ್ಲ. ಅದಕ್ಕೇ ಅಲ್ಲಿ ಒಂದು ಫೈಲ್‌ಗೆ ಒಂದೇ ಬದಲಾವಣೆ ಹಾಕಿ ಅಂತೀನಿ.

ಕಾಲಂ ಹೆಸರು ಬದಲಾಯಿಸೋದನ್ನಂತೂ ಒಂದೇ ಏಟಿಗೆ ಮಾಡ್ಲೇಬೇಡಿ, ಫೋನ್ ಅನ್ನೋದನ್ನ ಮೊಬೈಲ್ ಅಂತ ಮಾಡಿದ ಕ್ಷಣಕ್ಕೆ ಇನ್ನೂ ಓಡ್ತಿರೋ ಹಳೇ ಕೋಡ್ ಬಿದ್ದೋಗುತ್ತೆ. ಮೊದಲು ಹೊಸ ಕಾಲಂ ಸೇರಿಸಿ, ಕೋಡ್ ಎರಡಕ್ಕೂ ಬರೀಲಿ, ಹಳೇ ಡೇಟಾನ ಸ್ವಲ್ಪ ಸ್ವಲ್ಪವಾಗಿ ಕಾಪಿ ಮಾಡಿ, ಓದೋದನ್ನ ಹೊಸದಕ್ಕೆ ತಿರುಗಿಸಿ, ಹಳೇದನ್ನ ಯಾರೂ ಮುಟ್ತಿಲ್ಲ ಅಂತ ಖಾತ್ರಿಯಾದ್ಮೇಲೆ ಇನ್ನೊಂದು ರಿಲೀಸ್‌ನಲ್ಲಿ ಡ್ರಾಪ್ ಮಾಡಿ, ಅಂದ್ರೆ ಅಳಿಸಿಬಿಡಿ.

ಮಧ್ಯರಾತ್ರಿ ಲೈವ್‌ನಲ್ಲಿ ಅರ್ಜೆಂಟಾಗಿ ಇಂಡೆಕ್ಸ್ ಹಾಕ್ಲೇಬೇಕಾಗಿ ಬಂತು ಅಂದ್ರೆ ಹಾಕಿ, ತಪ್ಪೇನಿಲ್ಲ. ಆದ್ರೆ ಬೆಳಗ್ಗೆ ಅದೇ ಇಂಡೆಕ್ಸ್‌ನ ಅದೇ ಹೆಸರಲ್ಲಿ, ಇಲ್ಲದಿದ್ರೆ ಮಾತ್ರ ಸೇರಿಸು ಅನ್ನೋ ಷರತ್ತಿನ ಜೊತೆ ಮೈಗ್ರೇಶನ್ ಫೈಲ್ ಆಗಿ ಬರೆದು ಕಮಿಟ್ ಮಾಡಿ, ಲೈವ್‌ನಲ್ಲಿ ಅದು ಏನೂ ಮಾಡದೆ ದಾಟಿ ಹೋಗುತ್ತೆ, ಬೇರೆ ಎಲ್ಲಾ ಕಡೆ ಇಂಡೆಕ್ಸ್ ಬಂದು ಕೂರುತ್ತೆ.