ಬಾಕಿದಾರನೇ ಸಾಲಪತ್ರ ಬರೆದರೆ

ಹವಾಮಾನ ಒಪ್ಪಂದದ ಕರಡು ಕೈಗೆ ಬಂದರೆ, ಎಷ್ಟು ಶೇಕಡಾ ಕಡಿತ ಎಂಬುದನ್ನು ಆಮೇಲೆ ನೋಡಿ. ತಪ್ಪಿದವರಿಗೆ ಏನಾಗುತ್ತದೆ, ಹೊರಹೋಗುವ ಬಾಗಿಲು ಎಲ್ಲಿದೆ ಎಂಬ ಎರಡು ವಿಧಿಗಳನ್ನು ಮೊದಲು ಓದಬೇಕು.

ಕೈಗಾರಿಕಾ ದೇಶಗಳ ಹಸಿರುಮನೆ ಅನಿಲಕ್ಕೆ ಮಿತಿ ಹಾಕಿದ 1997ರ ಕ್ಯೋಟೊ ಒಪ್ಪಂದದ ನಿಯಮಗಳಲ್ಲಿ ದಂಡವಿತ್ತು. 2008–2012ರಲ್ಲಿ ಮಿತಿ ಮೀರಿ 100 ಟನ್ ಹೊರಬಿಟ್ಟ ದೇಶಕ್ಕೆ ಮುಂದಿನ ಅವಧಿಗೆ ಹೊರಬಿಡಲು ಸಿಗುವ ಪಾಲಿನಲ್ಲಿ 130 ಟನ್ ಖೋತಾ. ಕೇಳಲು ಬಿಗಿಯಾಗಿಯೇ ಇದೆ. ಆದರೆ ಆ ಮುಂದಿನ ಪಾಲು ನಿಗದಿಯಾಗುವಾಗ ಅದೇ ದೇಶ ಮೇಜಿನ ಮುಂದೆ ಕೂತಿರುತ್ತದೆ, ಅದು ಒಪ್ಪದೆ ಅಂಕಿ ಬೀಳುವುದಿಲ್ಲ. 130 ಕಳೆಯುತ್ತಾರೆಂದು ಗೊತ್ತಿದ್ದವರು 130 ಸೇರಿಸಿಯೇ ಕೇಳುತ್ತಾರೆ. ಹಳೇ ಬಾಕಿದಾರನ ಕೈಗೇ ಹೊಸ ಸಾಲಪತ್ರ ಬರೆಯಲು ಕೊಟ್ಟಂತೆ.

ಕೆನಡಾ ಅಷ್ಟು ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ಅದರ ಗುರಿ 1990ರ ಮಟ್ಟಕ್ಕಿಂತ ಶೇ. 6 ಕಡಿಮೆ, ಹೊರಸೂಸುವಿಕೆ ಇಳಿಯುವ ಬದಲು ಏರಿತ್ತು. 27ನೇ ವಿಧಿಯಂತೆ ಹೊರಹೋಗಲು ಒಂದು ವರ್ಷದ ನೋಟಿಸ್ ಸಾಕು. 2011ರ ಡಿಸೆಂಬರ್ 15ಕ್ಕೆ ನೋಟಿಸ್ ಕೊಟ್ಟಿತು, ಮರುವರ್ಷ ಅದೇ ದಿನ ಹೊರಗಿತ್ತು. ಅವಧಿ ಮುಗಿಯಲು ಆಗ ಇನ್ನೂ 16 ದಿನವಿತ್ತು!

ಓಝೋನ್ ಉಳಿಸಲು ಮಾಡಿದ 1987ರ ಮಾಂಟ್ರಿಯಲ್ ಒಪ್ಪಂದ ಬೇರೆ ದಾರಿ ಹಿಡಿಯಿತು. ಒಳಗೆ ಬಾರದ ದೇಶದೊಂದಿಗೆ ಸಿಎಫ್‌ಸಿ (ಫ್ರಿಜ್, ಏಸಿಗಳಲ್ಲಿ ಬಳಸುತ್ತಿದ್ದ, ಓಝೋನ್ ಕರಗಿಸುವ ಅನಿಲ) ವ್ಯಾಪಾರಕ್ಕೇ 4ನೇ ವಿಧಿ ತಡೆ ಹಾಕಿತು. ಸದಸ್ಯರು ಹೆಚ್ಚಿದಷ್ಟೂ ಹೊರಗಿನವರ ಮಾರುಕಟ್ಟೆ ಕುಗ್ಗುತ್ತದೆ, ಬೇರೆಯವರ ಶ್ರಮದ ಫಲವನ್ನು ಹೊರಗೇ ಕೂತು ಉಣ್ಣುವ ಪುಕ್ಕಟೆ ಸವಾರಿಯೇ ದುಬಾರಿ ಬೀಳುತ್ತದೆ. ಆದರೂ ಬೆದರಿಕೆಯೊಂದರಿಂದಲೇ ಕೆಲಸವಾಗಲಿಲ್ಲ: ಬಡ ದೇಶಗಳ ಹೆಚ್ಚುವರಿ ಖರ್ಚು ತುಂಬಲು 1990ರಲ್ಲಿ ಲಂಡನ್‌ನಲ್ಲಿ ನಿಧಿ ಒಪ್ಪಿತವಾಯಿತು, ಭಾರತ ಸೇರಿದ್ದು 1992ರಲ್ಲಿ.

ಇದನ್ನೇ ಇಂಗಾಲಕ್ಕೆ ನಕಲು ಮಾಡಬಹುದಲ್ಲ ಎನ್ನುತ್ತಾರೆ. ಆದರೆ ಸಿಎಫ್‌ಸಿ ಮಾಡುತ್ತಿದ್ದದ್ದು ಕೆಲವೇ ಕಂಪನಿಗಳು, ಬದಲಿ ಅನಿಲವೂ ಸಿಕ್ಕಿತು. ಇಂಗಾಲ ಮಾತ್ರ ಪ್ರತಿ ಸರಕಿನೊಳಗೂ ಅಡಗಿದೆ. ಆಮದು ಸರಕು ತಯಾರಾಗುವಾಗ ಹೊರಬಿದ್ದ ಇಂಗಾಲಕ್ಕೆ ಹಾಕುವ ಯುರೋಪಿನ ಗಡಿ ಇಂಗಾಲ ಸುಂಕ ಅದಕ್ಕೇ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ, ಹೈಡ್ರೋಜನ್, ವಿದ್ಯುತ್ ಇಷ್ಟಕ್ಕೇ ನಿಂತಿದೆ. 2026ರ ಜನವರಿಯಿಂದ ಸುಂಕದ ಹೊಣೆ ಶುರು. ತಯಾರಾದ ದೇಶದಲ್ಲೇ ಕಟ್ಟಿದ ಇಂಗಾಲ ಬೆಲೆಯನ್ನು ಅದರಲ್ಲಿ ಕಳೆಯಬಹುದು. ಬಳ್ಳಾರಿಯ ತೋರಣಗಲ್ಲಿನಲ್ಲಿ ಕಲ್ಲಿದ್ದಲಿನ ಊದುಕುಲುಮೆಯಿಂದ ಬರುವ ಉಕ್ಕಿಗೂ ಇದೇ ಲೆಕ್ಕ: ಇಲ್ಲಿ ಕಟ್ಟದಿದ್ದರೆ ಆ ದುಡ್ಡು ಯುರೋಪಿನ ಖಜಾನೆಗೆ.

ಇದರಲ್ಲೂ ತೂತಿದೆ. ಗುಜರಿ ಕರಗಿಸಿದ ಉಕ್ಕನ್ನು ಯುರೋಪಿಗೂ ಕಲ್ಲಿದ್ದಲಿನ ಉಕ್ಕನ್ನು ಬೇರೆ ಕಡೆಗೂ ಹಡಗು ಹತ್ತಿಸಿದರೆ ಸುಂಕ ಇಳಿಯುತ್ತದೆ, ಹೊಗೆ ಇದ್ದಷ್ಟೇ ಇರುತ್ತದೆ.