ಶೇ. 10 ಏರಿಕೆ ಸರಿ, ಯಾವುದರ ಮೇಲೆ?

ಅಂಗಡಿ ಬಾಡಿಗೆ ಕರಾರಿನಲ್ಲಿ ಒಂದು ಸಾಲು ಕಂಡರೆ ನನಗೆ ತಲೆಬಿಸಿ ಶುರುವಾಗುತ್ತದೆ: 'ಬಾಡಿಗೆಯನ್ನು ಪ್ರತಿ ವರ್ಷ ಶೇ. 10ರಂತೆ ಹೆಚ್ಚಿಸತಕ್ಕದ್ದು.' ಅಷ್ಟೇ. ಮೊದಲ ವರ್ಷದ ಬಾಡಿಗೆಯ ಮೇಲೋ, ಹಿಂದಿನ ವರ್ಷದ್ದರ ಮೇಲೋ? ಕೇಳಿದರೆ ಮಾಲೀಕರೂ ಬಾಡಿಗೆದಾರರೂ ಒಟ್ಟಿಗೇ ಹೇಳುತ್ತಾರೆ, 'ಎರಡೂ ಒಂದೇ ಅಲ್ವಾ ಸಾರ್?'

ಒಂದೇ ಅಲ್ಲ. ತಿಂಗಳಿಗೆ 10,000 ರೂಪಾಯಿ ಬಾಡಿಗೆ ಅಂದುಕೊಳ್ಳಿ. ಎರಡನೇ ವರ್ಷ ಹೇಗೆ ಲೆಕ್ಕ ಹಾಕಿದರೂ 11,000. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಮೂರನೇ ವರ್ಷ ಒಬ್ಬರ ಲೆಕ್ಕ 12,000, ಇನ್ನೊಬ್ಬರದ್ದು 12,100. ನಾಲ್ಕನೇ ವರ್ಷ 13,000 ಮತ್ತು 13,310. ಬಿ.ಎಂ. ರಸ್ತೆಯ ಒಂದು ಮಳಿಗೆಯ ವಿಷಯದಲ್ಲಿ ಇದೇ 310 ರೂಪಾಯಿಗೆ ಇಬ್ಬರು ಹಳೇ ಸ್ನೇಹಿತರು ಮಾತು ಬಿಟ್ಟರು. ಇಬ್ಬರೂ ಒಳ್ಳೆಯವರೇ. ನನ್ನ ಆಫೀಸಿಗೆ ಬೇರೆ ಬೇರೆ ದಿನ ಬಂದು, ಇನ್ನೊಬ್ಬರು ಹೇಗಿದ್ದಾರೆ ಅಂತ ವಿಚಾರಿಸಿಕೊಂಡು ಹೋಗುತ್ತಿದ್ದರು!

ಹತ್ತು ವರ್ಷದ ಒಟ್ಟು ನೋಡಿದರೆ ವ್ಯತ್ಯಾಸ ಚಿಲ್ಲರೆಯಲ್ಲ. ಮೊದಲ ವರ್ಷದ ಬಾಡಿಗೆ 1,20,000. ಏರಿಕೆ ಯಾವಾಗಲೂ ಇದರ ಮೇಲೇ ಅಂದರೆ ಒಟ್ಟು 17,40,000. ಹಿಂದಿನ ವರ್ಷದ ಬಾಡಿಗೆಯ ಮೇಲೆ ಅಂದರೆ ಸುಮಾರು 19,12,500. ಒಂದೂಮುಕ್ಕಾಲು ಲಕ್ಷದ ಹತ್ತಿರ ಜಾಸ್ತಿ.

ಕೆಲವರು ಜಾಣತನ ತೋರಿಸುತ್ತಾರೆ. ಮೊದಲ ವರ್ಷ ಮತ್ತು ಕೊನೆಯ ವರ್ಷದ ಬಾಡಿಗೆ ಕೂಡಿಸಿ, ಅರ್ಧ ಮಾಡಿ, ಹತ್ತರಿಂದ ಗುಣಿಸುತ್ತಾರೆ. ಪ್ರತಿ ವರ್ಷ ಒಂದೇ ಮೊತ್ತ ಸೇರುತ್ತಿದ್ದರೆ ಅದು ಸರಿ. ಹಿಂದಿನ ವರ್ಷದ್ದರ ಮೇಲೆ ಏರಿಕೆ ಅಂದರೆ ಸೇರುವ ಮೊತ್ತವೇ ಬೆಳೆಯುತ್ತದೆ. ಆ ದಾರಿಯಲ್ಲಿ ಹೋದರೆ ಲಕ್ಷ ರೂಪಾಯಿಗಿಂತ ಜಾಸ್ತಿ ತಪ್ಪು ಬರುತ್ತದೆ.

ಸರಿಯಾದ ದಾರಿ ಕಷ್ಟವೇನಲ್ಲ. ಹತ್ತು ವರ್ಷದ ಬಾಡಿಗೆ ಸಾಲಾಗಿ ಬರೆಯಿರಿ. ಪ್ರತಿಯೊಂದನ್ನೂ 1.1ರಿಂದ ಗುಣಿಸಿ ಕೆಳಗೆ ಇನ್ನೊಂದು ಸಾಲು ಬರೆಯಿರಿ. ಮೇಲಿನ ಸಾಲಿನ ಎರಡನೆಯದು ಕೆಳಗಿನ ಮೊದಲನೆಯದು, ಹೀಗೆ ನಡುವಿನದೆಲ್ಲ ಎರಡೂ ಕಡೆ ಇರುತ್ತದೆ. ಕೆಳಗಿನದರಿಂದ ಮೇಲಿನದನ್ನು ಕಳೆದರೆ ಉಳಿಯುವುದು ಎರಡೇ: ಹನ್ನೊಂದನೇ ವರ್ಷ ಬರಬೇಕಾಗಿದ್ದ ಬಾಡಿಗೆ ಮತ್ತು ಮೊದಲ ವರ್ಷದ್ದು. 3,11,249ರಿಂದ 1,20,000 ಕಳೆಯಿರಿ. ಕೆಳಗಿನ ಸಾಲು ಮೇಲಿನದರ 1.1ರಷ್ಟು, ಹಾಗಾಗಿ ಈ ವ್ಯತ್ಯಾಸ ಒಟ್ಟು ಬಾಡಿಗೆಯ 0.1ರಷ್ಟು; ಅದಕ್ಕೇ 0.1ರಿಂದ ಭಾಗಿಸಿ. ಸುಮಾರು 19,12,490, ಮುಗಿಯಿತು. ಇದೇನು ಹೊಸ ವಿದ್ಯೆಯಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲೇ ಗಣಿತಜ್ಞ ಮಹಾವೀರಾಚಾರ್ಯ ಇಂಥ ಮೊತ್ತಕ್ಕೆ ಸೂತ್ರ ಕೊಟ್ಟಿದ್ದಾನೆ. ಆದರೂ ನಮ್ಮವರು ಸುಮ್ನೆ ಅಂದಾಜಿನ ಮೇಲೆ ಸಹಿ ಹಾಕುತ್ತಾರೆ.

ಒಂದು ವರ್ಷ ಮೀರಿದ ಕರಾರಾದರೆ ನೋಂದಣಿ ಆಗಲೇಬೇಕು. ಶುಲ್ಕ ಎಷ್ಟು ಅನ್ನುವುದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೋ ನಿಮ್ಮ ವಕೀಲರಲ್ಲೋ ಕೇಳಿ, ನನ್ನ ಅಂಕಣ ನಂಬಿ ಹೋಗಬೇಡಿ. ನಾನು ಹೇಳುವುದು ಇಷ್ಟು: ಕರಾರಿನಲ್ಲಿ 'ಹಿಂದಿನ ವರ್ಷದ ಬಾಡಿಗೆಯ ಮೇಲೆ' ಅಥವಾ 'ಮೊದಲ ವರ್ಷದ ಬಾಡಿಗೆಯ ಮೇಲೆ' ಅಂತ ಸ್ಪಷ್ಟವಾಗಿ ಬರೆಸಿ. ಜೊತೆಗೆ ಯಾವ ವರ್ಷಕ್ಕೆ ಎಷ್ಟು ಅನ್ನುವ ಪಟ್ಟಿ ಹಾಕಿಸಿ. ಹಿಂದಿನ ವರ್ಷದ್ದರ ಮೇಲೆ ಅಂದರೆ ಆರನೇ ವರ್ಷ ತಿಂಗಳ ಬಾಡಿಗೆ 16,105 ರೂಪಾಯಿ 10 ಪೈಸೆ ಬರುತ್ತದೆ. ಅದನ್ನು 16,100 ಮಾಡಿಕೊಂಡರೆ, ಏಳನೇ ವರ್ಷದ ಏರಿಕೆ ಯಾವುದರ ಮೇಲೆ ಅನ್ನುವುದನ್ನೂ ಆಗಲೇ ಬರೆಸಿಬಿಡಿ.